ತಪ್ಪಿನ ಲೆಕ್ಕವಿಟ್ಟು ದಡ ಸೇರಿದವರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ ಓದಿ, ಮುಂದೆ ಸರಕು ಸಾಗಿಸುವ ಹಡಗುಗಳಲ್ಲಿ ಅಧಿಕಾರಿಯಾಗಿ ಕೆಲಸ ಮಾಡಿದವನು. ಆದ್ದರಿಂದ ಸಂಘಟಕರು ‘ಸಮುದ್ರಯಾನ ಮತ್ತು ನಕ್ಷತ್ರಗಳು’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಅದು ಸಮುದ್ರದಷ್ಟೇ ದೊಡ್ಡ ವಿಷಯ. ಅದರಲ್ಲಿ ಒಂದು ಬೊಗಸೆಯಷ್ಟನ್ನು ಮಾತ್ರ ನಾನು ತೆಗೆದುಕೊಂಡಿದ್ದೇನೆ. ಸೂರ್ಯ, ಚಂದ್ರ, ನಕ್ಷತ್ರಗಳನ್ನು ನೋಡಿ ದಾರಿ ಹಿಡಿಯುತ್ತಿದ್ದ ಕಾಲದಲ್ಲಿ ನಾವಿಕರ ಲೆಕ್ಕ ಎಷ್ಟು ತಪ್ಪುತ್ತಿತ್ತು? ಆ ತಪ್ಪನ್ನು ಅವರು ಹೇಗೆ ಹಿಡಿದರು? ಹಿಡಿದ ಮೇಲೆ ಏನು ಮಾಡಿದರು? ಇಷ್ಟೇ ನನ್ನ ಮಾತು.

ಈ ಭಾಗವನ್ನೇ ಆರಿಸಿಕೊಳ್ಳಲು ಕಾರಣವಿದೆ. ಪ್ರಯೋಗಶಾಲೆಯಲ್ಲಿ ಪೀನ ಮಸೂರದ ಸಂಗಮದೂರ ಅಳೆಯುತ್ತೀರಿ. ಡಬ್ಬಿಯ ಮೇಲೆ 10 ಸೆಂಟಿಮೀಟರ್ ಎಂದು ಬರೆದಿರುತ್ತದೆ. ನಿಮಗೆ 10.6 ಬರುತ್ತದೆ, ಪಕ್ಕದವನಿಗೆ 9.7 ಬರುತ್ತದೆ. ಆಮೇಲೆ ರೆಕಾರ್ಡ್ ಪುಸ್ತಕ ನೋಡಿದರೆ ಇಡೀ ತರಗತಿಗೆ 10.0! ಇದು ಎಲ್ಲ ಶಾಲೆಗಳಲ್ಲೂ ನಡೆಯುವುದೇ, ಯಾರನ್ನೂ ದೂರಲು ಹೇಳುತ್ತಿಲ್ಲ. ಆದರೆ ಸಮುದ್ರದಲ್ಲಿ ಹೀಗೆ ಮಾಡಿದವರು ಬಂಡೆಗೆ ಬಡಿದರು. ತಮ್ಮ ಅಳತೆ ಎಷ್ಟು ತಪ್ಪಬಹುದು ಎಂದು ಬರೆದಿಟ್ಟುಕೊಂಡವರು ದಡ ಸೇರಿದರು. ಆ ಕಥೆ ನಿಮಗೆ ಗೊತ್ತಿರಬೇಕು ಎನ್ನಿಸಿತು.

ಮೊದಲು ಒಂದು ಸಣ್ಣ ಲೆಕ್ಕ. ಒಂದು ವೃತ್ತದಲ್ಲಿ 360 ಡಿಗ್ರಿ, ಒಂದು ಡಿಗ್ರಿಯಲ್ಲಿ 60 ನಿಮಿಷ. ಗಡಿಯಾರದ ನಿಮಿಷದ ಜೊತೆ ಇದು ಗೊಂದಲವಾಗುತ್ತದೆ. ನಮ್ಮ ಪಂಚಾಂಗದವರು ಕೋನದ ಈ ನಿಮಿಷಕ್ಕೆ ‘ಕಲೆ’ ಎನ್ನುತ್ತಾರೆ. ನಾನೂ ಇವತ್ತು ಅದೇ ಪದ ಬಳಸುತ್ತೇನೆ. ಹಾಗಾದರೆ ಭೂಮಿಯ ಸುತ್ತ 21,600 ಕಲೆಗಳು. ಭೂಮಿಯ ಮೇಲ್ಮೈಯಲ್ಲಿ ಒಂದು ಕಲೆಯಷ್ಟು ದೂರವೇ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ನಾವಿಕರ ಮೈಲು ನಮ್ಮ ರಸ್ತೆಯ ಮೈಲಿಗಿಂತ ಬೇರೆಯಾಗಿರುವುದು ಇದಕ್ಕೇ. ಆಕಾಶದಲ್ಲಿ ಒಂದು ಕಲೆ ತಪ್ಪು ಅಳೆದರೆ ನೀರಿನ ಮೇಲೆ ಒಂದು ಮೈಲು ತಪ್ಪು. ಇದೊಂದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಸುಲಭ.

ತಪ್ಪುಗಳಲ್ಲಿ ಮೂರು ಜಾತಿ. ಮೊದಲನೆಯದು ಎಡವಟ್ಟು. ಅಂಕಿ ತಪ್ಪಾಗಿ ಓದುವುದು, ಒಂದು ನಕ್ಷತ್ರವನ್ನು ಇನ್ನೊಂದೆಂದು ತಿಳಿಯುವುದು. 1492ರ ನವೆಂಬರಿನಲ್ಲಿ ಕ್ಯೂಬಾದ ತೀರದಲ್ಲಿದ್ದ ಕೊಲಂಬಸನ ದಿನಚರಿಯಲ್ಲಿ ಆ ಸ್ಥಳದ ಅಕ್ಷಾಂಶ 42 ಡಿಗ್ರಿ ಎಂದಿದೆ. ನಿಜವಾಗಿ ಅದು ಸುಮಾರು 21 ಡಿಗ್ರಿ. ಹೆಚ್ಚುಕಡಿಮೆ ಎರಡು ಪಟ್ಟು! ಉಪಕರಣದ ಬೇರೆ ಅಳತೆಪಟ್ಟಿ ಓದಿದನೋ, ಬೇರೆ ನಕ್ಷತ್ರ ಹಿಡಿದನೋ ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಇಂಥ ತಪ್ಪು ದೊಡ್ಡದಾಗಿರುವುದರಿಂದಲೇ ಬೇಗ ಸಿಕ್ಕಿಬೀಳುತ್ತದೆ.

ಎರಡನೆಯದು ಚೆದುರುವ ತಪ್ಪು. ಹಡಗು ಅಲುಗಾಡುತ್ತದೆ, ಕೈ ನಡುಗುತ್ತದೆ, ದಿಗಂತ ಮಸುಕಾಗಿರುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಇದಕ್ಕೆ ಮದ್ದು ಸರಾಸರಿ. ನಾಲ್ಕು ಸಲ ಅಳೆದು ಸರಾಸರಿ ತೆಗೆದರೆ ಇಂಥ ತಪ್ಪು ಅರ್ಧಕ್ಕೆ ಇಳಿಯುತ್ತದೆ, ಒಂಬತ್ತು ಸಲ ಅಳೆದರೆ ಮೂರರಲ್ಲೊಂದು ಭಾಗಕ್ಕೆ.

ಮೂರನೆಯದು ಒಂದೇ ಕಡೆ ವಾಲುವ ತಪ್ಪು. ಇದು ಕಳ್ಳ. ಅಂಗಡಿಯ ತಕ್ಕಡಿಯಲ್ಲಿ ಪಾಸಂಗ ಇದ್ದರೆ ಹತ್ತು ಸಲ ತೂಗಿದರೂ ಹತ್ತು ಸಲವೂ ಅದೇ ಮೋಸ. ಸರಾಸರಿ ಇಲ್ಲಿ ಏನೂ ಮಾಡಲಾರದು. ಹತ್ತೂ ತೂಕ ಒಂದೇ ಬಂದಿರುವುದರಿಂದ ‘ಇದು ಸರಿಯೇ ಇರಬೇಕು’ ಎಂಬ ಭ್ರಮೆ ಬೇರೆ. ಆದರೆ ಪಾಸಂಗ ಎಷ್ಟು ಎಂದು ಗೊತ್ತಾದ ಕ್ಷಣ ಆ ತಕ್ಕಡಿಯಲ್ಲೇ ನ್ಯಾಯವಾಗಿ ತೂಗಬಹುದು. ನಾವಿಕರ ಐದುನೂರು ವರ್ಷಗಳ ಇತಿಹಾಸ ಎಂದರೆ ಬಹುಮಟ್ಟಿಗೆ ಈ ಪಾಸಂಗ ಹುಡುಕಿದ ಇತಿಹಾಸ.

ನಮ್ಮ ಅರಬ್ಬೀ ಸಮುದ್ರದಿಂದಲೇ ಶುರು ಮಾಡೋಣ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮನ್ ದೇಶದ ವರ್ತಕರು ಅಲ್ಲಿ ಬಂದು ಇಳಿಯುತ್ತಿದ್ದರು ಎಂದು ಬರೆದಿದ್ದಾನೆ. ಈ ಸಮುದ್ರದ ನಾವಿಕರ ಕೈಯಲ್ಲಿ ಇದ್ದ ಉಪಕರಣ ‘ಕಮಾಲ್’. ಒಂದು ಸಣ್ಣ ಮರದ ಹಲಗೆ, ಅದರ ನಡುವಿನಿಂದ ಹೊರಟ ಗಂಟು ಹಾಕಿದ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವವರೆಗೆ ಹಲಗೆಯನ್ನು ಮುಂದೆ ಹಿಡಿಯಬೇಕು. ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ತಾಗಿದರೆ ಆ ಗಂಟಿನ ಊರಿನ ಅಕ್ಷಾಂಶಕ್ಕೆ ಬಂದೆವು ಎಂದು ಅರ್ಥ. ಅಲ್ಲಿಂದ ನೇರ ಪೂರ್ವಕ್ಕೋ ಪಶ್ಚಿಮಕ್ಕೋ ಹೊರಟರೆ ಊರು ಸಿಗುತ್ತದೆ. ಅವರ ಅಳತೆಯ ಮಾನ ‘ಇಸ್ಬಾ’, ಅಂದರೆ ಬೆರಳು. ಒಂದು ಬೆರಳು ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು. ಕಾಲು ಬೆರಳಿನಷ್ಟು ಸೂಕ್ಷ್ಮವಾಗಿ ಅಳೆದರೂ ಸುಮಾರು 25 ಮೈಲು ಆಚೀಚೆ. ದಡ ಕಣ್ಣಿಗೆ ಬಿದ್ದ ಮೇಲೆ ಗುಡ್ಡ, ನೀರಿನ ಬಣ್ಣ, ಆಳ ನೋಡಿ ಉಳಿದದ್ದನ್ನು ಸರಿಮಾಡಿಕೊಳ್ಳುತ್ತಿದ್ದರು.

ಇಲ್ಲಿ ಒಂದು ಪಾಸಂಗ ಅಡಗಿತ್ತು. ಧ್ರುವ ನಕ್ಷತ್ರ ಅಲುಗಾಡುವುದಿಲ್ಲ ಎಂದು ನಾವು ಕಥೆಯಲ್ಲಿ ಕೇಳಿದ್ದೇವೆ. ನಿಜವಾಗಿ ಅದು ಆಕಾಶದ ಧ್ರುವಬಿಂದುವನ್ನು ಸುತ್ತುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಆ ಸುತ್ತಿನ ಗಾತ್ರವೂ ಬದಲಾಗುತ್ತದೆ. ಇಂದು ನಕ್ಷತ್ರ ಧ್ರುವಬಿಂದುವಿನಿಂದ ಮುಕ್ಕಾಲು ಡಿಗ್ರಿಗೂ ಕಡಿಮೆ ದೂರದಲ್ಲಿದೆ. ಕ್ರಿ.ಶ. 1500ರ ಹೊತ್ತಿಗೆ ಸುಮಾರು ಮೂರೂವರೆ ಡಿಗ್ರಿ ದೂರವಿತ್ತು. ಅಂದರೆ 210 ನಾಟಿಕಲ್ ಮೈಲು. ಅದು ಧ್ರುವಬಿಂದುವಿನ ನೇರ ಮೇಲೆ ಇದ್ದ ಹೊತ್ತಿನಲ್ಲಿ ಅಳೆದು ತಿದ್ದುಪಡಿ ಮಾಡದೆ ಬಿಟ್ಟರೆ, ಮಂಗಳೂರು ಎಂದುಕೊಂಡು ದಡ ನೋಡಿದವನಿಗೆ ಆಲಪ್ಪುಳ ಸಿಗುತ್ತಿತ್ತು!

ಅರಬ್ ನಾವಿಕರಿಗೆ ಇದು ಗೊತ್ತಿತ್ತು. 15ನೇ ಶತಮಾನದ ಹೆಸರಾಂತ ನಾವಿಕ ಅಹ್ಮದ್ ಇಬ್ನ್ ಮಾಜಿದ್‌ನ ಪರಂಪರೆಯಲ್ಲಿ ‘ಬಾಶಿ’ ಎಂಬ ತಿದ್ದುಪಡಿ ಇದೆ. ನಮ್ಮ 27 ನಕ್ಷತ್ರಗಳ ಹಾಗೆ ಅವರಲ್ಲಿ ಚಂದ್ರನ 28 ಮನೆಗಳಿವೆ. ಯಾವ ಮನೆ ನೆತ್ತಿಯ ಮೇಲೆ ಬಂದಿದೆ ಎಂದು ನೋಡಿದರೆ, ಧ್ರುವ ನಕ್ಷತ್ರ ತನ್ನ ಸುತ್ತಿನಲ್ಲಿ ಎಲ್ಲಿದೆ, ಎಷ್ಟು ಕಳೆಯಬೇಕು, ಎಷ್ಟು ಕೂಡಬೇಕು ಎಂದು ತಿಳಿಯುತ್ತದೆ. ಪೋರ್ಚುಗೀಸರೂ ಇದೇ ಉದ್ದೇಶಕ್ಕೆ ಬೇರೆ ನಿಯಮ ಮಾಡಿಕೊಂಡಿದ್ದರು. ಧ್ರುವದ ಹತ್ತಿರದ ಎರಡು ‘ಕಾವಲು’ ನಕ್ಷತ್ರಗಳು ಯಾವ ದಿಕ್ಕಿಗಿವೆ ಎಂದು ನೋಡಿ ತಿದ್ದುತ್ತಿದ್ದರು. ಎರಡು ಬೇರೆ ಸಮುದ್ರಗಳ ಜನ ಒಂದೇ ದೋಷವನ್ನು ಬೇರೆ ಬೇರೆ ದಾರಿಯಲ್ಲಿ ಹಿಡಿದದ್ದು ಇದು.

ಇನ್ನು ಉಪಕರಣಗಳ ವಿಷಯ. ನಾವಿಕರ ಆಸ್ಟ್ರೋಲೇಬ್ ತೂಗು ಹಾಕಿ ನೋಡುವ ಲೋಹದ ಬಳೆಯಂಥದ್ದು. ಗಟ್ಟಿ ನೆಲದ ಮೇಲೆ ಅರ್ಧ ಡಿಗ್ರಿಯಷ್ಟು ಸರಿ ಇರುತ್ತಿತ್ತು, ತೂಗಾಡುವ ಹಡಗಿನಲ್ಲಿ ಒಂದು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ತಪ್ಪುತ್ತಿತ್ತು. 1497ರ ನವೆಂಬರಿನಲ್ಲಿ ವಾಸ್ಕೋ ಡ ಗಾಮನ ಜನ ದಕ್ಷಿಣ ಆಫ್ರಿಕಾದ ಸೇಂಟ್ ಹೆಲೆನಾ ಕೊಲ್ಲಿಯಲ್ಲಿ ದೊಡ್ಡ ಮರದ ಆಸ್ಟ್ರೋಲೇಬನ್ನು ದಡಕ್ಕೆ ಒಯ್ದು ನಿಲ್ಲಿಸಿ ಸೂರ್ಯನನ್ನು ಅಳೆದದ್ದು ಇದಕ್ಕೇ. ಅದೇ ಗಾಮ ಮರುವರ್ಷ ಹಿಂದಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜುದೀವಿನಲ್ಲಿ ಹಡಗು ನಿಲ್ಲಿಸಿದ್ದ.

ಸೂರ್ಯನನ್ನು ನೇರ ನೋಡಿದರೆ ಕಣ್ಣು ಹಾಳು. 1590ರ ದಶಕದಲ್ಲಿ ಜಾನ್ ಡೇವಿಸ್ ಎಂಬ ಇಂಗ್ಲಿಷ್ ನಾವಿಕ ಸೂರ್ಯನಿಗೆ ಬೆನ್ನು ಹಾಕಿ ನೆರಳಿನಿಂದ ಅಳೆಯುವ ಉಪಕರಣ ಮಾಡಿದ. ಕಣ್ಣು ಉಳಿಯಿತು, ಆದರೆ ಹೊಸ ಪಾಸಂಗ ಬಂತು. ನೆರಳಿನ ಅಂಚು ಸೂರ್ಯನ ಮೇಲಂಚಿನಿಂದ ಬರುತ್ತದೆ, ನಮಗೆ ಬೇಕಾದದ್ದು ಸೂರ್ಯನ ನಡು. ವ್ಯತ್ಯಾಸ 16 ಕಲೆ, ಅಂದರೆ 16 ಮೈಲು. ಆಮೇಲೆ 1731ರಲ್ಲಿ ಜಾನ್ ಹ್ಯಾಡ್ಲಿ ಎರಡು ಕನ್ನಡಿಗಳ ಆಕ್ಟಂಟ್ ಉಪಕರಣವನ್ನು ತಂದ. ಎರಡು ಸಲ ಪ್ರತಿಫಲಿಸಿದ ಸೂರ್ಯನ ಬಿಂಬ ದಿಗಂತದ ಮೇಲೆ ಕೂತಂತೆ ಕಾಣುತ್ತದೆ. ಹಡಗು ತೂಗಿದರೂ ಬಿಂಬವೂ ದಿಗಂತವೂ ಜೊತೆಯಾಗಿಯೇ ತೂಗುತ್ತವೆ. ಡಿಗ್ರಿಯಲ್ಲಿದ್ದ ತಪ್ಪು ಒಂದೇ ಏಟಿಗೆ ಕೆಲವು ಕಲೆಗಳಿಗೆ ಇಳಿಯಿತು. ಇಂದಿನ ಸೆಕ್ಸ್ಟಂಟ್ ಅದರದೇ ವಂಶ.

ಇಷ್ಟು ಒಳ್ಳೆಯ ಉಪಕರಣ ಬಂದ ಮೇಲೆ, ಮೊದಲು ಲೆಕ್ಕಕ್ಕೇ ಬಾರದಿದ್ದ ಸಣ್ಣ ಪಾಸಂಗಗಳು ಎದ್ದು ಕಾಣತೊಡಗಿದವು. ಉಪಕರಣದ ಸೊನ್ನೆಯೇ ಸೊನ್ನೆಯಲ್ಲಿ ಇಲ್ಲದಿರಬಹುದು. ಎತ್ತರದಲ್ಲಿ ನಿಂತು ನೋಡಿದರೆ ದಿಗಂತ ಕೆಳಗೆ ಕಾಣುತ್ತದೆ: ನೀರಿನಿಂದ 16 ಮೀಟರ್ ಎತ್ತರದಲ್ಲಿದ್ದರೆ 7 ಕಲೆಯಷ್ಟು. ಗಾಳಿ ಬೆಳಕನ್ನು ಬಾಗಿಸುತ್ತದೆ: ದಿಗಂತದಲ್ಲಿ ಸುಮಾರು 34 ಕಲೆ, ಅರ್ಧ ಆಕಾಶದಲ್ಲಿ ಒಂದೇ ಕಲೆ. ಸೂರ್ಯನ ಬಿಂಬದ ಅಗಲ 32 ಕಲೆ. ಹಾಗಾಗಿ ನಮ್ಮ ಕಡಲತೀರದಲ್ಲಿ ಸಂಜೆ ಸೂರ್ಯನ ಕೆಳ ಅಂಚು ನೀರಿಗೆ ತಾಗಿದಂತೆ ಕಂಡಾಗ, ಲೆಕ್ಕದ ಪ್ರಕಾರ ಸೂರ್ಯ ಆಗಲೇ ಪೂರ್ತಿ ಮುಳುಗಿ ಆಗಿರುತ್ತದೆ. ನಾವು ನೋಡುವುದು ಗಾಳಿ ಎತ್ತಿ ಹಿಡಿದ ಬಿಂಬ.

ಒಂದು ಲೆಕ್ಕವನ್ನು ಮಾಡಿಯೇ ನೋಡೋಣ, ಹತ್ತನೇ ತರಗತಿಯವರು ಪುಸ್ತಕ ತೆಗೆಯಿರಿ. ಕಾರವಾರದ ಹತ್ತಿರ ಹಡಗಿದೆ ಎಂದುಕೊಳ್ಳಿ. ನಡು ಮಧ್ಯಾಹ್ನ ಸೂರ್ಯನ ಕೆಳ ಅಂಚಿನ ಎತ್ತರ 70 ಡಿಗ್ರಿ 10 ಕಲೆ ಬಂತು. ಉಪಕರಣ 2 ಕಲೆ ಹೆಚ್ಚು ತೋರಿಸುತ್ತದೆ, ಕಳೆಯಿರಿ. ನಿಂತ ಎತ್ತರಕ್ಕೆ 7 ಕಲೆ ಕಳೆಯಿರಿ. ಕೆಳ ಅಂಚಿನಿಂದ ನಡುವಿಗೆ 16 ಕಲೆ ಕೂಡಿರಿ. ಗಾಳಿಯ ತಿದ್ದುಪಡಿ ಈ ಎತ್ತರದಲ್ಲಿ ಅರ್ಧ ಕಲೆಗೂ ಕಡಿಮೆ, ಬಿಡೋಣ. ಉಳಿದದ್ದು 70 ಡಿಗ್ರಿ 17 ಕಲೆ. ಇದನ್ನು 90ರಲ್ಲಿ ಕಳೆದರೆ ಸೂರ್ಯ ನೆತ್ತಿಯಿಂದ 19 ಡಿಗ್ರಿ 43 ಕಲೆ ದಕ್ಷಿಣಕ್ಕಿದೆ. ಅಂದು ಸೂರ್ಯ ಭೂಮಧ್ಯರೇಖೆಯ ದಕ್ಷಿಣಕ್ಕೆ 4 ಡಿಗ್ರಿ 55 ಕಲೆ ಇದೆ ಎಂದು ಪಟ್ಟಿ ಹೇಳುತ್ತದೆ. ಕಳೆದರೆ ಅಕ್ಷಾಂಶ 14 ಡಿಗ್ರಿ 48 ಕಲೆ. ಯಾವ ತಿದ್ದುಪಡಿಯನ್ನೂ ಮಾಡದೇ ಇದ್ದಿದ್ದರೆ 14 ಡಿಗ್ರಿ 55 ಕಲೆ ಬರುತ್ತಿತ್ತು. 7 ಮೈಲು ಮಾತ್ರ ವ್ಯತ್ಯಾಸ, ಏಕೆಂದರೆ ಕೂಡುವುದೂ ಕಳೆಯುವುದೂ ಒಂದಕ್ಕೊಂದು ವಜಾ ಆಯಿತು. ಆದರೆ ಉಳಿದ ಎರಡನ್ನು ಮಾಡಿ ಸೂರ್ಯನ ಅಂಚಿನದ್ದೊಂದನ್ನೇ ಮರೆತರೆ 16 ಮೈಲು, ಸುಮಾರು 30 ಕಿಲೋಮೀಟರ್ ತಪ್ಪು. ಅರ್ಧ ತಿದ್ದುವುದು ಕೆಲವೊಮ್ಮೆ ಏನೂ ತಿದ್ದದಿರುವುದಕ್ಕಿಂತ ಕೆಟ್ಟದ್ದು.

ಇಲ್ಲಿಯವರೆಗೆ ಹೇಳಿದ್ದು ಉತ್ತರ-ದಕ್ಷಿಣದ ಮಾತು. ಪೂರ್ವ-ಪಶ್ಚಿಮದ್ದು ಇನ್ನೂ ಕಷ್ಟ. ಭೂಮಿ ತಿರುಗುತ್ತಿರುವುದರಿಂದ ರೇಖಾಂಶ ಎಂದರೆ ಸಮಯದ ವ್ಯತ್ಯಾಸ. 4 ನಿಮಿಷಕ್ಕೆ ಒಂದು ಡಿಗ್ರಿ, 4 ಸೆಕೆಂಡಿಗೆ ಒಂದು ಕಲೆ. ಹೊರಟ ಊರಿನಲ್ಲಿ ಈಗ ಗಂಟೆ ಎಷ್ಟು ಎಂದು ನಡುಸಮುದ್ರದಲ್ಲಿ ಗೊತ್ತಾಗಬೇಕು. ಅದು ಗೊತ್ತಾಗದ ಕಾಲದಲ್ಲಿ ಹಡಗಿನ ವೇಗ, ದಿಕ್ಕು, ಕಳೆದ ಹೊತ್ತು ನೋಡಿ ಅಂದಾಜು ಮಾಡುತ್ತಿದ್ದರು.

1707ರ ಅಕ್ಟೋಬರಿನಲ್ಲಿ ಅಡ್ಮಿರಲ್ ಕ್ಲೌಡೆಸ್ಲಿ ಶೊವೆಲ್‌ನ ಬ್ರಿಟಿಷ್ ನೌಕಾಪಡೆ ಜಿಬ್ರಾಲ್ಟರಿನಿಂದ ಊರಿಗೆ ಮರಳುತ್ತಿತ್ತು. ಇಂಗ್ಲಿಷ್ ಕಾಲುವೆಯ ಬಾಯಿಗೆ ಬಂದಿದ್ದೇವೆ ಎಂದು ನಂಬಿದ್ದರು. ರಾತ್ರಿ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ನಾಲ್ಕು ಹಡಗುಗಳು ಹೋದವು. ಸತ್ತವರು ಕನಿಷ್ಠ 1,400 ಎಂಬ ಅಂದಾಜಿದೆ. ಇದನ್ನು ರೇಖಾಂಶ ತಿಳಿಯದೇ ಆದ ದುರಂತ ಎಂದು ಪುಸ್ತಕಗಳು ಹೇಳುತ್ತವೆ. 20ನೇ ಶತಮಾನದಲ್ಲಿ ಉಳಿದ ಹಡಗುಗಳ ಲಾಗ್ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆಯೇ ಸಂಗತಿ ಹೊರಬಂತು. ಒಂದೇ ಪಡೆಯ ನಾವಿಕರ ಅಕ್ಷಾಂಶಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ದ್ವೀಪಗಳನ್ನು ಗುರುತಿಸಿದ್ದ ನಕ್ಷೆಗಳಲ್ಲೂ ದೋಷವಿತ್ತು. ಅಷ್ಟು ಜನರ ಅಳತೆ ಅಷ್ಟು ಚೆದುರಿದೆ ಎಂಬುದೇ ಒಂದು ಎಚ್ಚರಿಕೆಯ ಗಂಟೆ. ಅದನ್ನು ಕೇಳಿಸಿಕೊಳ್ಳುವವರು ಅಂದು ಇರಲಿಲ್ಲ.

1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ರೇಖಾಂಶ ಕಂಡುಹಿಡಿಯುವ ವಿಧಾನಕ್ಕೆ ಬಹುಮಾನ. ಆ ಕಾಯಿದೆಯ ಬುದ್ಧಿವಂತಿಕೆ ನೋಡಿ, ಬಹುಮಾನವನ್ನು ತಪ್ಪಿನ ಪ್ರಮಾಣದ ಮೇಲೆ ಇಟ್ಟರು. ಒಂದು ಡಿಗ್ರಿಯೊಳಗೆ ತಪ್ಪಿದರೆ 10,000 ಪೌಂಡ್, 40 ಕಲೆಯೊಳಗಾದರೆ 15,000, ಅರ್ಧ ಡಿಗ್ರಿಯೊಳಗಾದರೆ 20,000. ‘ತಪ್ಪೇ ಇರಬಾರದು’ ಎಂದು ಅವರು ಕೇಳಲಿಲ್ಲ. ‘ಎಷ್ಟರೊಳಗೆ ತಪ್ಪುತ್ತೀರಿ’ ಎಂದು ಕೇಳಿದರು. ಅರ್ಧ ಡಿಗ್ರಿ ಎಂದರೆ 2 ನಿಮಿಷ ಸಮಯ. ಆರು ವಾರದ ಪ್ರಯಾಣಕ್ಕೆ ದಿನಕ್ಕೆ 3 ಸೆಕೆಂಡಿಗಿಂತ ಕಡಿಮೆ.

ಎರಡು ದಾರಿಗಳಿದ್ದವು. ಒಂದು, ಚಂದ್ರನನ್ನೇ ಗಡಿಯಾರ ಮಾಡಿಕೊಳ್ಳುವುದು. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು 33 ಕಲೆ ಸರಿಯುತ್ತಾನೆ. ಚಂದ್ರನಿಗೂ ಒಂದು ನಕ್ಷತ್ರಕ್ಕೂ ಇರುವ ಕೋನ ಅಳೆದು ಪಟ್ಟಿ ನೋಡಿದರೆ ಸಮಯ ಸಿಗುತ್ತದೆ. ಜರ್ಮನಿಯ ಟೋಬಿಯಾಸ್ ಮೇಯರ್ ಮಾಡಿದ ಚಂದ್ರನ ಪಟ್ಟಿಗಳನ್ನು ಆಧರಿಸಿ ನೆವಿಲ್ ಮಾಸ್ಕೆಲಿನ್ 1767ನೇ ವರ್ಷದ ನಾವಿಕ ಪಂಚಾಂಗವನ್ನು ಪ್ರಕಟಿಸಿದ. ತೊಂದರೆ ಎಂದರೆ ಇಲ್ಲಿ ತಪ್ಪು ಹಿಗ್ಗುತ್ತದೆ. ಕೋನದಲ್ಲಿ ಒಂದು ಕಲೆ ತಪ್ಪಿದರೆ ಸಮಯದಲ್ಲಿ ಸುಮಾರು 1 ನಿಮಿಷ 50 ಸೆಕೆಂಡ್, ರೇಖಾಂಶದಲ್ಲಿ ಸುಮಾರು 27 ಕಲೆ. ಒಂದು ರೂಪಾಯಿ ಸಾಲ 27 ರೂಪಾಯಿ ಆದಂತೆ.

ಇನ್ನೊಂದು ದಾರಿ ಗಡಿಯಾರ. ಜಾನ್ ಹ್ಯಾರಿಸನ್ ಬಡಗಿ ಕೆಲಸದ ಮನೆತನದವನು. ಜೀವಮಾನವಿಡೀ ದುಡಿದು ಅವನು ಮಾಡಿದ ನಾಲ್ಕನೇ ಗಡಿಯಾರ ಅಂಗೈಗಿಂತ ತುಸು ದೊಡ್ಡದು. 1761ರಲ್ಲಿ ಅವನ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದ. 81 ದಿನಗಳಲ್ಲಿ 5 ಸೆಕೆಂಡಿನಷ್ಟು ಮಾತ್ರ ತಪ್ಪಿದೆ ಎಂದರು. ಆದರೂ ಪರಿಶೀಲನಾ ಮಂಡಳಿ ಒಪ್ಪಲಿಲ್ಲ. ಏಕೆ? ಆ 5 ಸೆಕೆಂಡ್ ಬಂದದ್ದು, ಗಡಿಯಾರ ದಿನಕ್ಕೆ ಇಷ್ಟು ಹಿಂದೆ ಬೀಳುತ್ತದೆ ಎಂಬ ತಿದ್ದುಪಡಿ ಮಾಡಿದ ಮೇಲೆ. ಆ ‘ಇಷ್ಟು’ ಎಷ್ಟು ಎಂದು ಹೊರಡುವ ಮೊದಲೇ ಹೇಳಿರಲಿಲ್ಲ.

ಮಕ್ಕಳೇ, ಇದು ನನ್ನ ಮಾತಿನ ನಡುಗಂಬ. ಮನೆಯ ಗಡಿಯಾರ ಐದು ನಿಮಿಷ ಮುಂದಿದೆ ಎಂದು ಅಮ್ಮನಿಗೆ ಗೊತ್ತಿದ್ದರೆ ಅದರಿಂದ ಶಾಲೆಗೆ ತಡವಾಗುವುದಿಲ್ಲ. ಗಡಿಯಾರ ತಪ್ಪುವುದು ದೋಷವಲ್ಲ, ಹೇಗೆ ತಪ್ಪುತ್ತದೆ ಎಂದು ತಿಳಿಯದಿರುವುದು ದೋಷ. ಆದರೆ ತಿದ್ದುಪಡಿಯನ್ನು ಉತ್ತರ ನೋಡುವ ಮೊದಲು ಹೇಳಬೇಕು. ಉತ್ತರ ನೋಡಿ ಆಮೇಲೆ ತಿದ್ದುಪಡಿ ಹುಡುಕಿದರೆ ಯಾವ ಗಡಿಯಾರವನ್ನೂ ಒಳ್ಳೆಯದೆಂದು ತೋರಿಸಬಹುದು. ಮಂಡಳಿಯವರು ಹ್ಯಾರಿಸನ್‌ಗೆ ಕೊಟ್ಟ ಕಾಟ ಬಹಳ, ಅದರಲ್ಲಿ ಅನ್ಯಾಯವೂ ಇತ್ತು. ಈ ಒಂದು ಪ್ರಶ್ನೆ ಮಾತ್ರ ನ್ಯಾಯವಾದದ್ದು.

1764ರಲ್ಲಿ ಎರಡನೇ ಪರೀಕ್ಷೆ, ಬಾರ್ಬಡೋಸ್ ದ್ವೀಪಕ್ಕೆ. ಅದು ನಮ್ಮ ಮಂಗಳೂರು, ಬೆಂಗಳೂರು ಇರುವ 13 ಡಿಗ್ರಿಯ ಆಸುಪಾಸಿನಲ್ಲೇ ಇದೆ. ಈ ಸಲ ಗಡಿಯಾರದ ನಡೆಯನ್ನು ಹೊರಡುವ ಮೊದಲೇ ಬರೆದುಕೊಟ್ಟರು. 47 ದಿನಗಳ ಕೊನೆಗೆ ತಪ್ಪು 39.2 ಸೆಕೆಂಡ್, ಅಂದರೆ 10 ಮೈಲಿನೊಳಗೆ. ಮೊದಲಿನ 5 ಸೆಕೆಂಡಿಗೆ ಹೋಲಿಸಿದರೆ ಇದು ದೊಡ್ಡ ತಪ್ಪು. ಆದರೂ ಯಾರೂ ಅಲ್ಲಗಳೆಯಲಾಗದ ತಪ್ಪು. ಕಾಯಿದೆ ಕೇಳಿದ್ದಕ್ಕಿಂತ ಮೂರು ಪಟ್ಟು ಉತ್ತಮ. ರೆಕಾರ್ಡಿನಲ್ಲಿ 10.0 ಬರೆಯುವುದಕ್ಕಿಂತ 10.6 ಎಂದು ಬರೆದು ಕಾರಣ ಬರೆಯುವುದು ಏಕೆ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗಡಿಯಾರಗಳು ಬಂದ ಮೇಲೂ ಅನುಮಾನ ಬಿಡಲಿಲ್ಲ. ಒಂದು ಒಯ್ಯಿ, ಇಲ್ಲವೇ ಮೂರು ಒಯ್ಯಿ, ಎರಡು ಮಾತ್ರ ಒಯ್ಯಬೇಡ ಎಂಬುದು ಹಳೆಯ ನಾವಿಕರ ಮಾತು. ಎರಡರಲ್ಲಿ ಜಗಳವಾದರೆ ಯಾವುದು ಸುಳ್ಳು ಎಂದು ಹೇಳುವವರು ಯಾರು? ಚಾರ್ಲ್ಸ್ ಡಾರ್ವಿನ್ ಹೋಗಿದ್ದ ಬೀಗಲ್ ಹಡಗು 1831ರಲ್ಲಿ ಹೊರಟಾಗ 22 ಕ್ರೊನೋಮೀಟರುಗಳನ್ನು ಒಯ್ದಿತ್ತು. ಬ್ರೆಜಿಲ್‌ನ ಬಹಿಯಾ ಮತ್ತು ರಿಯೋ ಡಿ ಜನೈರೋ ನಡುವಿನ ಅಂತರದಲ್ಲಿ ತನ್ನ ಲೆಕ್ಕಕ್ಕೂ ಹಿಂದಿನವರ ಲೆಕ್ಕಕ್ಕೂ ಸುಮಾರು 4 ಕಲೆ ವ್ಯತ್ಯಾಸ ಬಂದಾಗ ಕ್ಯಾಪ್ಟನ್ ಫಿಟ್ಜ್‌ರಾಯ್ ಹಡಗು ತಿರುಗಿಸಿ ಬಹಿಯಾಕ್ಕೆ ಮರಳಿ ಹೋಗಿ ಮತ್ತೆ ಅಳೆದ. ಐದು ವರ್ಷ ಭೂಮಿ ಸುತ್ತಿ ಬಂದು ಎಲ್ಲ ಅಂತರಗಳನ್ನೂ ಕೂಡಿದಾಗ ಸರಿಯಾಗಿ 24 ಗಂಟೆ ಬರಬೇಕಿತ್ತು. 33 ಸೆಕೆಂಡ್ ಹೆಚ್ಚು ಬಂತು. ಆ 33 ಸೆಕೆಂಡನ್ನು ಅಲ್ಲಲ್ಲಿ ಹಂಚಿ ಮುಚ್ಚಿಬಿಡುವುದು ಸುಲಭವಿತ್ತು. ಅವನು ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿಸಿದ.

ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. ಮದ್ರಾಸಿನ ನುಂಗಂಬಾಕ್ಕಂನಲ್ಲಿ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯ ಆಯಿತು. ಇಂದಿನ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮೂಲ ಅದೇ. ಗುರುಗ್ರಹದ ಚಂದ್ರಗಳ ಗ್ರಹಣಗಳನ್ನು ವರ್ಷಗಟ್ಟಲೆ ನೋಡಿ ಅಲ್ಲಿಯ ರೇಖಾಂಶ ನಿರ್ಧರಿಸಿದರು. ಭಾರತದ ಭೂಮಾಪನ ನಕ್ಷೆಗಳ ರೇಖಾಂಶಕ್ಕೆ ಅದೇ ಆಧಾರವಾಯಿತು. 19ನೇ ಶತಮಾನದ ಕೊನೆಯಲ್ಲಿ ತಂತಿಯ ಮೂಲಕ ಸಮಯ ಹೋಲಿಸಿದಾಗ ಆ ಆಧಾರ ಸುಮಾರು 2 ಕಲೆ 27 ವಿಕಲೆ ತಪ್ಪಿದ್ದು ಗೊತ್ತಾಯಿತು. ಸಮಯದಲ್ಲಿ 10 ಸೆಕೆಂಡಿಗೂ ಕಡಿಮೆ, ನೆಲದ ಮೇಲೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಸೋಜಿಗವೆಂದರೆ ಊರಿಂದ ಊರಿಗೆ ದೂರ ಎಲ್ಲವೂ ಸರಿಯಾಗಿತ್ತು, ಇಡೀ ದೇಶವೇ ನಕ್ಷೆಯಲ್ಲಿ ಅಷ್ಟು ಪೂರ್ವಕ್ಕೆ ಸರಿದಿತ್ತು. ಒಳಗೊಳಗೆ ಎಷ್ಟು ಹೋಲಿಸಿದರೂ ಇಂಥ ಪಾಸಂಗ ಸಿಗುವುದಿಲ್ಲ, ಹೊರಗಿನ ಅಳತೆಯೊಂದು ಬೇಕು. ಹಳೆಯ ನಕ್ಷೆಗಳನ್ನು ಸುಡಲಿಲ್ಲ. ಇಷ್ಟು ಕಳೆದುಕೊಳ್ಳಿ ಎಂಬ ಸೂಚನೆಯೊಂದಿಗೆ ಬಳಸಿದರು.

ಕೊನೆಯ ಉದಾಹರಣೆ, ಬೀಜಗಣಿತ ಇಷ್ಟಪಡುವವರಿಗೆ. 1837ರಲ್ಲಿ ಥಾಮಸ್ ಸಮ್ನರ್ ಎಂಬ ಅಮೆರಿಕದ ಕ್ಯಾಪ್ಟನ್ ಕಂಡುಕೊಂಡದ್ದು: ಒಂದು ಸಲ ಎತ್ತರ ಅಳೆದರೆ ನಕ್ಷೆಯ ಮೇಲೆ ಒಂದು ಗೆರೆ ಸಿಗುತ್ತದೆ, ಹಡಗು ಆ ಗೆರೆಯ ಮೇಲೆ ಎಲ್ಲೋ ಇದೆ. ಮೂರು ದಿಕ್ಕಿನ ಮೂರು ನಕ್ಷತ್ರ ನೋಡಿದರೆ ಮೂರು ಗೆರೆ. ಅವು ಒಂದೇ ಬಿಂದುವಿನಲ್ಲಿ ಸೇರಬೇಕು. ಸೇರುವುದಿಲ್ಲ, ಸಣ್ಣ ತ್ರಿಕೋನವಾಗುತ್ತದೆ. ಹಡಗು ಆ ತ್ರಿಕೋನದ ಒಳಗೇ ಇದೆ ಎಂದು ಎಲ್ಲರೂ ತಿಳಿಯುತ್ತಾರೆ. ನೋಡೋಣ. ಪ್ರತಿ ಗೆರೆಯೂ ಹಡಗಿನಿಂದ ನಕ್ಷತ್ರದ ಕಡೆಗೋ ಅದರ ವಿರುದ್ಧ ಕಡೆಗೋ ಸರಿದಿರಬಹುದು, ಎರಡಕ್ಕೂ ಸಮ ಸಾಧ್ಯತೆ. ಮೂರು ಗೆರೆಗೆ ಒಟ್ಟು 2×2×2, ಎಂಟು ರೀತಿ. ನಕ್ಷತ್ರಗಳು ಸುತ್ತಲೂ ಹರಡಿದ್ದರೆ, ಮೂರೂ ಗೆರೆ ನಕ್ಷತ್ರದ ಕಡೆಗೆ ಸರಿದಾಗ ಅಥವಾ ಮೂರೂ ವಿರುದ್ಧ ಸರಿದಾಗ ಮಾತ್ರ ಹಡಗು ಒಳಗೆ. ಎಂಟರಲ್ಲಿ ಎರಡು, ಅಂದರೆ ನೂರಕ್ಕೆ 25. ನಾಲ್ಕರಲ್ಲಿ ಮೂರು ಸಲ ಹಡಗು ತ್ರಿಕೋನದ ಹೊರಗಿರುತ್ತದೆ! ಆದ್ದರಿಂದಲೇ ತ್ರಿಕೋನ ಸಣ್ಣದಾಗಿ ಬಂದರೂ ನಾವಿಕ ಮೈಮರೆಯುವುದಿಲ್ಲ. ಹತ್ತಿರ ಬಂಡೆ ಇದ್ದರೆ, ತಾನು ಬಂಡೆಗೆ ಅತಿ ಹತ್ತಿರದ ಜಾಗದಲ್ಲೇ ಇದ್ದೇನೆ ಎಂದು ತಿಳಿದು ಹಡಗು ನಡೆಸುತ್ತಾನೆ.

ಈಗ ನಮ್ಮೂರಿನ ಮೀನುಗಾರರ ದೋಣಿಯಲ್ಲೂ ಜಿಪಿಎಸ್ ಇದೆ. ನಮ್ಮದೇ ಇಸ್ರೋದ ನಾವಿಕ್ ವ್ಯವಸ್ಥೆಯೂ ಇದೆ. ತತ್ವ ಬದಲಾಗಿಲ್ಲ. ಅಲ್ಲಿಯೂ ಗಡಿಯಾರವೇ ದೇವರು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ 300 ಮೀಟರ್ ತಪ್ಪು. ಆ ಗಡಿಯಾರಗಳ ನಡೆಯನ್ನು ನೆಲದಿಂದ ಸದಾ ಅಳೆದು ತಿದ್ದುತ್ತಿರುತ್ತಾರೆ. ಹ್ಯಾರಿಸನ್ ಮೊದಲೇ ಬರೆದುಕೊಟ್ಟ ಚೀಟಿಯ ಮರಿಮಕ್ಕಳು ಅವು. ಹಡಗಿನ ಅಧಿಕಾರಿಗಳು ಈಗಲೂ ಸೆಕ್ಸ್ಟಂಟ್ ಕಲಿಯಲೇಬೇಕು, ಏಕೆಂದರೆ ಒಂದು ಯಂತ್ರ ಹೇಳಿದ್ದನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಬೇಕು.

ಶಾಲೆಯ ಐವತ್ತನೇ ವರ್ಷಕ್ಕೆ ನನ್ನದೊಂದು ಸಣ್ಣ ಕೋರಿಕೆ. ಒಂದು ಕೋನಮಾಪಕ, ಒಂದು ಹುರಿ, ಒಂದು ಕಲ್ಲು, ಒಂದು ಕೊಳವೆ. ಇಷ್ಟರಲ್ಲಿ ಎತ್ತರ ಅಳೆಯುವ ಉಪಕರಣ ಆಗುತ್ತದೆ. ಮೊದಲು ಸಮುದ್ರದ ದಿಗಂತ ನೋಡಿ, ಸೊನ್ನೆ ಬರುತ್ತದೋ ಇಲ್ಲವೋ ಬರೆದುಕೊಳ್ಳಿ. ಅದೇ ನಿಮ್ಮ ಪಾಸಂಗ. ಆಮೇಲೆ ಚಳಿಗಾಲದ ಒಂದು ಸ್ವಚ್ಛ ರಾತ್ರಿ ತರಗತಿಯ 25 ಮಕ್ಕಳೂ ಧ್ರುವ ನಕ್ಷತ್ರದ ಎತ್ತರ ಅಳೆಯಿರಿ. ಒಬ್ಬರದನ್ನೊಬ್ಬರು ನೋಡಬೇಡಿ. 25 ಅಂಕಿಗಳನ್ನೂ ಹಲಗೆಯ ಮೇಲೆ ಬರೆಯಿರಿ, ಒಂದನ್ನೂ ಅಳಿಸಬೇಡಿ. ಪಾಸಂಗ ಕಳೆದು ಸರಾಸರಿ ತೆಗೆಯಿರಿ. ಚೆದುರಿದ ತಪ್ಪು ಐದರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಅದರ ಪಕ್ಕದಲ್ಲಿ ‘ಇಷ್ಟು ಆಚೀಚೆ ಇರಬಹುದು’ ಎಂದೂ ಬರೆಯಿರಿ. ಎಲ್ಲ ಮುಗಿದ ಮೇಲೆ ಮಾತ್ರ ನಕ್ಷೆ ತೆರೆದು ನಿಜವಾದ ಅಕ್ಷಾಂಶ ನೋಡಿ. ಆ ಹಾಳೆಯನ್ನು ಶಾಲೆಯ ಗೋಡೆಗೆ ಹಾಕಿ. ಮುಂದಿನ ವರ್ಷದ ಮಕ್ಕಳು ಅದಕ್ಕಿಂತ ಚೆನ್ನಾಗಿ ಅಳೆಯಲು ನೋಡುತ್ತಾರೆ.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಉತ್ತರ ಎಷ್ಟು ಹತ್ತಿರ ಬಂತು ಎಂಬುದಕ್ಕೆ ಅಂಕ ಕೊಡುವ ಹಾಗೆಯೇ, ತನ್ನ ತಪ್ಪಿನ ಅಂದಾಜನ್ನು ಪ್ರಾಮಾಣಿಕವಾಗಿ ಬರೆದ ಮಗುವಿಗೂ ಎರಡು ಅಂಕ ಹೆಚ್ಚು ಕೊಡಿ. ಅಂಥ ಮಕ್ಕಳು ಮುಂದೆ ಔಷಧ ಅಳೆಯುವ ದಾದಿಯಾಗಲಿ, ಸೇತುವೆ ಕಟ್ಟುವ ಇಂಜಿನಿಯರಾಗಲಿ, ದೋಣಿ ನಡೆಸುವ ತಾಂಡೇಲರಾಗಲಿ, ಅವರನ್ನು ನಂಬಿ ಕೂತವರು ದಡ ಸೇರುತ್ತಾರೆ.